ಸುರುಳಿಗೊಂದು ಕಲ್ಲು

ಇಬ್ಬನಿ ಆರುವ ತನಕ ಗದ್ದೆಗೆ ಇಳಿಯುವಂತಿಲ್ಲ.
ಹತ್ತೂವರೆಗೆ ಇನಾಯತ್ ಒಂದು ಹಿಡಿ ಹುಲ್ಲೆತ್ತಿ
ಕಿವಿಯ ಹತ್ತಿರ ತಂದು ಮುರಿಯುತ್ತಾನೆ.
ಚಟ್ ಅಂದರೆ ಸರಿ.
ಮೆತ್ತಗೆ ಬಾಗಿದರೆ ಇನ್ನೊಂದು ಬೀಡಿ.

ಜೀಟರ್ ಟ್ರ್ಯಾಕ್ಟರು ನನಗಿಂತ ಎರಡು ವರ್ಷ ದೊಡ್ಡದು.
ಅದರ ಬೆನ್ನಿಗೆ ಬಿದ್ದ ಹುಲ್ಲು ಸುತ್ತುವ ಮಿಷನ್ನು ಯಾವ ಸೀಮೆಯದೋ,
ಈರೋಡಿನ ಗುಜರಿಯಿಂದ ಹಳ್ಳಿಮೈಸೂರಿಗೆ ಬಂದಿಳಿದಾಗ
ಹೊಟ್ಟೆಯೊಳಗೆ ಇನ್ನೂ ಗೋಧಿಹುಲ್ಲಿತ್ತು.
ನಮ್ಮ ದನ ಮೂಸಿ ನೋಡಿ ಮುಖ ತಿರುಗಿಸಿದವು.

ಎಣಿಸುವ ಮೀಟರು ೪೭೧೧ಕ್ಕೆ ನಿಂತಿದೆ.
ಯಾರದೋ ಹೊಲದ ಲೆಕ್ಕ, ಯಾರೋ ಮನೆಗೆ ಹೋದ ಹೊತ್ತು.
ಅದನ್ನು ಮುಟ್ಟಲು ನಮಗೆ ಮನಸ್ಸಾಗಲಿಲ್ಲ.
ನಾನು ಹಿಂದೆ ನಡೆಯುತ್ತೇನೆ, ಸುರುಳಿಗೊಂದು ಕಲ್ಲು
ಎಡಜೇಬಿನಿಂದ ಬಲಜೇಬಿಗೆ.

ಹೊಟ್ಟೆ ತುಂಬಿತು ಅಂತ ಹೇಳುವ ಗಂಟೆಯೂ ಇಲ್ಲ.
ಸೈಕಲ್ ಬೆಲ್ಲು ಕಟ್ಟಿದೆವು, ಜೀಟರಿನ ಗದ್ದಲಕ್ಕೆ ಕೇಳಲಿಲ್ಲ.
ಕಡೆಗೆ ಹಾಲಿನ ಕ್ಯಾನಿನ ಮುಚ್ಚಳ, ಅದಕ್ಕೆ ಬಡಿಯಲು ಒಂದು ಬೋಲ್ಟು.
ಮೊದಲ ದಿನ ಢಣ್ ಅಂದಾಗ
ಗದ್ದೆಯ ಯಜಮಾನರು ಗಂಗಾಧರಯ್ಯ
ಡೈರಿ ವ್ಯಾನು ಬಂತೆಂದು ಬರಿಗಾಲಲ್ಲಿ ಓಡಿ ಬಂದಿದ್ದರು.

ಢಣ್.
ಇನಾಯತ್ ಕ್ಲಚ್ಚು ಒತ್ತುತ್ತಾನೆ, ನಾನು ಹಗ್ಗ ಎಳೆಯುತ್ತೇನೆ,
ದಾರ ಹೋಗಿ ಹುಲ್ಲಿಗೆ ಕಚ್ಚಿಕೊಂಡು
ಹನ್ನೆರಡು ಸುತ್ತು ಸುತ್ತುತ್ತದೆ. ಹಿಂಬಾಗಿಲು ತೆರೆದರೆ
ಕರು ಬಿದ್ದ ಹಾಗೆ ಬೀಳುತ್ತದೆ.
ಕೈಯಿಟ್ಟರೆ ಬೆಚ್ಚಗೆ.
ಹದಿನಾಲ್ಕು ಕೆಜಿ, ಕೆಲವು ಹದಿನೈದು.
ದೊಡ್ಡ ಮಿಷನ್ನಿನ ಸುರುಳಿ ನಮ್ಮ ಕೊಟ್ಟಿಗೆ ಬಾಗಿಲಿಗೆ ಹಿಡಿಸುವುದಿಲ್ಲ.
ಇದಾದರೆ ಒಬ್ಬಳೇ ತಲೆಗೇರಿಸಿಕೊಂಡು ಹೋಗಬಹುದು.

ಸಣ್ಣತಾಯಮ್ಮ ಮಾತ್ರ ಹೊತ್ತಿಲ್ಲ, ಮುಟ್ಟಿಲ್ಲ.
ಮೆದೆ ಒಟ್ಟುವುದರಲ್ಲಿ ಮೂರೂರಿಗೆ ಹೆಸರಾದವಳು.
"ಮೆದೆ ಅಂದ್ರೆ ಮಳೆ ಜಾರಿ ಹೋಗ್ಬೇಕು ಕಣ್ಲಾ.
ಇದೇನು, ಚಕ್ಲಿ ಸುತ್ತಿದಂಗೆ."
ಬದುವಿನ ಮೇಲೆ ಕೂತು ಎಲೆಯಡಿಕೆ ಜಗಿಯುತ್ತ
ಮಿಷನ್ನಿನ ಕಡೆಗೆ ಬೆನ್ನು ಹಾಕಿದ್ದಳು.

ಮೂರೂವರೆಗೆ ದಾರ ಮುಗಿಯಿತು.
ಇನ್ನೂ ಒಂದು ಮಡಿ ಹುಲ್ಲು ಹಾಗೇ ಬಿದ್ದಿದೆ,
ಹೊಳೆನರಸೀಪುರಕ್ಕೆ ಹೋಗಿ ಬರುವಷ್ಟರಲ್ಲಿ ಕತ್ತಲು, ಕತ್ತಲಾದರೆ ಇಬ್ಬನಿ.
ಇನಾಯತ್ ಗಡ್ಡ ಕೆರೆದುಕೊಂಡ. ನಾನು ಕಲ್ಲು ಎಣಿಸಿದೆ.

"ಹುಲ್ಲು ಕಟ್ಟಕ್ಕೆ ಪೇಟೆ ದಾರ ಬೇಕಾ ನಿಮಗೆ?"
ಮುದುಕಿ ಎದ್ದಳು.
ನಾಲೆಗೆ ಹೋಗಿ ಬೊಗಸೆಯಲ್ಲಿ ನೀರು ತಂದು,
ಬೆಳಗಿನಿಂದ ನಾವು ಯಾವುದಕ್ಕೆ ಹೆದರಿ ಕಾದೆವೋ ಆ ನೀರನ್ನೇ
ಹುಲ್ಲಿನ ಮೇಲೆ ಚಿಮುಕಿಸಿದಳು.
ಒಂದು ತುದಿ ಕಾಲ್ಬೆರಳಲ್ಲಿ ಹಿಡಿದು ಹೊಸೆಯತೊಡಗಿದಳು.
ಅಂಗೈ ಎಷ್ಟು ಜೋರಾಗಿ ಓಡುತ್ತಿತ್ತೆಂದರೆ
ಇನಾಯತ್ ಬೀಡಿ ಹಚ್ಚುವುದನ್ನು ಮರೆತ.

ಆ ಹುರಿ ಮಿಷನ್ನಿನ ಮೂತಿಯಲ್ಲಿ ತೂರಲಿಲ್ಲ.
ಸರಿ, ಜೀಟರ್ ಆರಿಸಿ, ಹಿಂಬಾಗಿಲು ಅರ್ಧ ಎತ್ತಿ ಹಿಡಿದೆವು.
ಬಾಣಂತಿ ಕೋಣೆಗೆ ಕೈಯಿಟ್ಟ ಸೂಲಗಿತ್ತಿಯಂತೆ
ಬಯ್ಯುತ್ತ, ನಮ್ಮಿಬ್ಬರನ್ನೂ ಬಯ್ಯುತ್ತ, ಒಳಗೇ ಗಂಟು ಹಾಕಿದಳು.
ಒಂಬತ್ತು ಸುರುಳಿ. ಒಂಬತ್ತು ಸಲ ಆರಿಸಿ, ಒಂಬತ್ತು ಸಲ ತಳ್ಳಿ,
ಸೆಲ್ಫು ಹೋಗಿ ನಾಲ್ಕು ವರ್ಷವಾಗಿದೆ.

ಕೊನೆಯದು ಬದುವಿನ ಅಂಚಿಗೆ ಬಿತ್ತು.
ಒಂದು ಗಳಿಗೆ ಯೋಚಿಸಿದ ಹಾಗೆ ನಿಂತು
ಉರುಳತೊಡಗಿತು. ಇಳಿಜಾರು, ಏರಿ, ಏರಿಯ ಮೇಲಿನ ನಾಯಿ,
ನಾಯಿ ಬೊಗಳುವುದರೊಳಗೆ ಧೊಪ್ಪನೆ ನಾಲೆ.

ಬಲಜೇಬಿನಲ್ಲಿ ನೂರ ನಲವತ್ತಮೂರು ಕಲ್ಲು.
ಗಂಗಾಧರಯ್ಯ ಎಣಿಸಿದ್ದು ನೂರ ನಲವತ್ತೆರಡು, ಅಷ್ಟಕ್ಕೇ ದುಡ್ಡು.
ವಾದ ಮಾಡುತ್ತಿದ್ದೆ. ಮುದುಕಿ ನನ್ನ ತೋಳು ಹಿಡಿದು ಜಗ್ಗಿದಳು,
"ಅದಿರ್ಲಿ, ನೋಡ್ಲಾ, ಗಂಟು ಬಿಚ್ತಾ?"

ಏರಿ ಹತ್ತಿ ನೋಡಿದೆ.
ತೂಬು ದಾಟಿ, ಹೊಂಗೆ ನೆರಳು ದಾಟಿ
ದುಂಡಗೇ ತೇಲುತ್ತಿತ್ತು.